ಉಜ್ಜಿ ಬರೆದ ಅಂಕಿ

ಧಾರವಾಡ
೧೭ ಫೆಬ್ರುವರಿ ೧೯೩೮, ಗುರುವಾರ, ಮಧ್ಯಾಹ್ನ

ಶ್ರೀ ರಮಾಕಾಂತರಾಯರ ಬಲಗೈಗೆ,

ಲಗ್ನವಾದಾಗಿನಿಂದ ನಿಮಗೆ ಬರೆದ ಕಾಗದಗಳೆಲ್ಲ ‘ಚರಣಗಳಿಗೆ’ ಎಂದೇ ಸುರುವಾಗುತ್ತಿದ್ದವು. ಈ ಸಲ ಪೆನ್ನು ಅಷ್ಟು ಕೆಳಗೆ ಬಗ್ಗಲಿಲ್ಲ. ಚರಣಗಳು ನನಗೇನೂ ಕೇಡು ಮಾಡಿಲ್ಲ, ಮಾಡಿದ್ದು ಕೈ. ಅದಕ್ಕೇ ಕೈಗೆ ಬರೆಯುತ್ತಿದ್ದೇನೆ. ಇಲ್ಲಿ ಅಪ್ಪ, ಅವ್ವ ಇಬ್ಬರೂ ಕ್ಷೇಮ. ನನ್ನ ಕ್ಷೇಮ ಕೇಳಬೇಡಿ. ಮೂರು ದಿನದಿಂದ ಮೈಯೆಲ್ಲ ಉರಿಯುತ್ತಿದೆ, ಅದು ಜ್ವರದ ಉರಿಯಲ್ಲ.

ದಿನಾ ಹುಬ್ಬಳ್ಳಿಯಿಂದ ರೈಲು ಹತ್ತಿ ಇದೇ ಊರಿಗೆ ಬರುವ ಗಂಡನಿಗೆ ಹೆಂಡತಿ ಅಂಚೆಯಲ್ಲಿ ಕಾಗದ ಹಾಕುವುದು ನೋಡಿ ಪೋಸ್ಟಿನವರು ನಗಬಹುದು. ನಗಲಿ. ಕಾಲೇಜಿನ ಕಾಂಪೌಂಡಿನೊಳಗೆ ನೀವು ಡೆಮಾನ್‌ಸ್ಟ್ರೇಟರ್, ನಾನು ಇಂಟರ್ ಸೈನ್ಸಿನ ರೋಲ್ ನಂಬರ್ ಮೂವತ್ತೊಂದು. ಅಲ್ಲಿ ನೀವು ನನ್ನ ಹೆಸರು ಹಿಡಿದು ಕರೆಯುವುದಿಲ್ಲ, ನಾನು ನಿಮ್ಮ ಮುಖ ನೋಡುವುದಿಲ್ಲ. ಮಂದಿ ಏನಾದರೂ ಅಂದಾರು ಎಂದು ನಾವೇ ಹಾಕಿಕೊಂಡ ಕಟ್ಟಳೆ ಅದು. ಇವತ್ತು ಬೆಳಿಗ್ಗೆ ಲೈಬ್ರರಿಯ ಬಾಗಿಲಲ್ಲಿ ಎದುರಾದಿರಿ. ನಾನು ಒಂದು ಹೆಜ್ಜೆ ಮುಂದೆ ಬಂದೆ. ನೀವು ಗೋಡೆಯ ಕಡೆ ತಿರುಗಿ ನೋಟೀಸು ಓದತೊಡಗಿದಿರಿ. ಅದು ಹೋದ ವರ್ಷದ ಕ್ರಿಕೆಟ್ ಪಂದ್ಯದ ನೋಟೀಸು, ನನಗೂ ಗೊತ್ತು, ನಿಮಗೂ ಗೊತ್ತು.

ಆದ್ದರಿಂದ ಬರೆದೇ ಹೇಳುತ್ತೇನೆ. ಆದದ್ದನ್ನು ಆದ ಹಾಗೆ. ನಿಮ್ಮ ಕೈಗೆ ಆದದ್ದನ್ನು ಬೇರೆ ಮಾಡಿ ಬರೆಯುವ ಚಟವಿರುವುದರಿಂದ ನನ್ನ ಅಕ್ಷರದಲ್ಲಿಯೂ ಒಂದು ಪ್ರತಿ ಇರಲಿ.

ಜನವರಿ ಹನ್ನೊಂದು, ಮಂಗಳವಾರ. ದಾರದ ತುದಿಗೆ ಸೀಸದ ಗುಂಡು ಕಟ್ಟಿ ಓಲಾಡಲು ಬಿಡುವ ಪ್ರಯೋಗ. ಇಪ್ಪತ್ತು ಸಲ ಹೋಗಿ ಬರಲು ಗುಂಡಿಗೆ ಎಷ್ಟು ಸೆಕೆಂಡು ಬೇಕು ಎಂದು ಗಡಿಯಾರ ನೋಡಬೇಕು, ದಾರ ಅಳೆಯಬೇಕು, ಇವೆರಡರಿಂದ ಭೂಮಿ ತನ್ನ ಕಡೆ ಬೀಳುವ ವಸ್ತುವಿನ ಓಟವನ್ನು ಎಷ್ಟೆಷ್ಟು ಏರಿಸುತ್ತದೆ ಎಂಬ ಲೆಕ್ಕ ತೆಗೆಯಬೇಕು. ಗುರುತ್ವದ ವೇಗೋತ್ಕರ್ಷ. ನಿಮ್ಮ ಬಾಯಲ್ಲಿ ಬರೀ ‘ಜೀ’. ಪುಸ್ತಕದಲ್ಲಿ ಅದು ೯೮೧ ಸೆಂಟಿಮೀಟರು ಎಂದಿದೆ. ನನಗೆ ಮೊದಲ ಸಲ ೧೦೮೨ ಬಂತು. ಎರಡನೆಯ ಸಲ ೧೦೮೬. ಮೂರನೆಯ ಸಲ ಉಸಿರು ಬಿಗಿಹಿಡಿದು ಮಾಡಿದೆ, ೧೦೮೪. ಸರಾಸರಿಯೂ ಅಷ್ಟೇ. ಬಂದದ್ದನ್ನು ಬರೆದೆ.

ಪ್ರೊಫೆಸರರು ನನ್ನ ಮೇಜಿನ ಹತ್ತಿರ ಬಂದು ಹಾಳೆ ಎತ್ತಿ ಹಿಡಿದರು. “ಏ ಹುಡುಗರ, ಇಲ್ಲಿ ನೋಡ್ರೋ! ಈ ಬಾಯಾರ ಭೂಮಿ ನಮ್ಮ ಭೂಮಿಗಿಂತ ಜೋರ ಎಳೀತದ. ಇವರ ಮನಿಗೆ ಹೋಗೂದಿದ್ರ ಹುಷಾರ್ರೆಪಾ!” ಎಂದರು. ನಲವತ್ತು ಹುಡುಗರು ಹೋ ಎಂದು ನಕ್ಕರು. ಅವರದು ನಗುವ ವಯಸ್ಸು. ಪ್ರೊಫೆಸರರಿಗೂ ದಿನಕ್ಕೊಂದು ಚೇಷ್ಟೆ ಬೇಕು. ಅವರ ಹಿಂದೆ ದಾರದ ಉಂಡೆ ಹಿಡಿದು ನಿಂತಿದ್ದ ನೀವೂ ನಕ್ಕಿರಿ. ನಕ್ಕದ್ದು ತುಸುವೇ, ತುಟಿಯಂಚಿನಲ್ಲಿ. ನಾನು ನೋಡಿದೆ. ಆ ದಿನ ಹುಡುಗರೆಲ್ಲರ ಉತ್ತರವೂ ೯೮೧. ಒಬ್ಬನದಾದರೂ ೯೮೦ ಇಲ್ಲ, ೯೮೩ ಇಲ್ಲ. ನನ್ನ ಬಗಲಿನ ಮೇಜಿನವರ ದಾರ ಎರಡು ಸಲ ಹರಿದು ಗುಂಡು ನೆಲಕ್ಕೆ ಉರುಳಿತು, ಅವರಿಗೂ ೯೮೧! ಅವರನ್ನು ನೋಡಿ ಯಾರೂ ನಗಲಿಲ್ಲ.

ಇನ್ನು ಸೋಮವಾರದ ಮಾತು. ನಾವು ಪ್ರಯೋಗ ಬರೆದ ಜರ್ನಲುಗಳು ನಿಮ್ಮ ಸಹಿಯಾಗಿ ತಿರುಗಿ ಬಂದವು. ಈ ಶನಿವಾರ ಹನ್ನೊಂದು ಗಂಟೆಗೆ ಅವನ್ನು ಪ್ರೊಫೆಸರರ ಮೇಜಿನ ಮೇಲಿಡಬೇಕು. ಜರ್ನಲಿಗೆ ಅವರ ಸರ್ಟಿಫಿಕೇಟು ಬೀಳದಿದ್ದರೆ ಮಾರ್ಚಿನ ಪರೀಕ್ಷೆಗೆ ಕೂಡುವಂತಿಲ್ಲ, ಒಂದು ವರ್ಷ ನೀರಿಗೆ ಹೋದಂತೆ. ಮನೆಗೆ ಬಂದು ಹಾಳೆ ತಿರುವಿದೆ. ಹದಿನೇಳನೆಯ ಪುಟ ನೋಡಿ ನನಗೆ ಮೊದಲು ಏನೂ ಅನಿಸಲಿಲ್ಲ ನೋಡಿ. ನನ್ನದೇ ಅಕ್ಷರ, ನನ್ನದೇ ವಾಲಿಕೆ. ಉತ್ತರ ಮಾತ್ರ ೯೮೧. ಕೆಳಗೆ ನಿಮ್ಮ ಸಹಿ. ನನಗೇ ಭ್ರಮೆಯೋ ಏನೋ ಎಂದು ಒಂದು ಗಳಿಗೆ ತಲೆ ತಿರುಗಿತು. ಆಮೇಲೆ ರೀಡಿಂಗುಗಳ ಸಾಲಿನಲ್ಲಿ ಇಂಗ್ಲಿಷ್ ಏಳರ ಅಂಕಿ ಕಣ್ಣಿಗೆ ಬಿತ್ತು. ನಡುವೆ ಅಡ್ಡಗೆರೆ! ನಾನು ಏಳಕ್ಕೆ ಗೆರೆ ಹಾಕುವವಳಲ್ಲ. ನಮ್ಮ ಮನೆಯಲ್ಲಿ ಆ ಗೆರೆ ಹಾಕುವವರು ಒಬ್ಬರೇ.

ಛೀ! ಎಷ್ಟು ಹೊತ್ತು ಕೂತು ಕಲಿತಿರಿ ನನ್ನ ಅಕ್ಷರವನ್ನು? ಎರಡು ವರ್ಷದಲ್ಲಿ ನನ್ನ ಒಂದು ಮಾತನ್ನು ಪೂರ್ತಿ ಕೇಳಲು ಹೊತ್ತಿಲ್ಲದವರು ನನ್ನ ‘ಟಿ’ಯ ಬಾಲ ಎಲ್ಲಿಗೆ ತಿರುಗುತ್ತದೆ ಎಂದು ನೋಡಿ ನೋಡಿ ಬರೆದಿರಲ್ಲ!

ನನ್ನ ಹಾಳೆ ಎಲ್ಲಿ ಎಂದು ಕೇಳಿದೆ. ನೀವು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. “ಬಚ್ಚಲ ಒಲಿಗೆ ಹಾಕ್ದೆ” ಎಂದಿರಿ, ಹಳೆಯ ಪಂಚಾಂಗ ಹಾಕಿದಷ್ಟು ಸಲೀಸಾಗಿ. ಆಮೇಲೆ, “ನಿನ್ನ ಸಲುವಾಗೇ ಮಾಡೇನಿ ಸುಲಭಾ. ಸಾವಿರದ ಎಂಬತ್ನಾಲ್ಕು ಅಂತ ಇದ್ರ ಪ್ರೊಫೆಸರರು ಸರ್ಟಿಫಿಕೇಟ ಕೊಡ್ತಾರೇನು? ಎಲ್ಲಾರೂ ಹಿಂಗ ಮಾಡೂದು. ಮೊದ್ಲು ಉತ್ತರ ಬರಕೊಳ್ಳೂದು, ಆಮ್ಯಾಲೆ ರೀಡಿಂಗ ಹೊಂದಸೂದು. ನೀ ಒಬ್ಬಾಕೀನೇ ಹರಿಶ್ಚಂದ್ರನ ಮಗಳ ಆಗಬ್ಯಾಡ” ಎಂದಿರಿ. ನಾಳೆಯೇ ತವರಿಗೆ ಹೋಗುತ್ತೇನೆ ಎಂದು ನಾನು ಕೂಗಿದೆ. ಕೂಗಬಾರದಿತ್ತು, ಓಣಿಯವರಿಗೆಲ್ಲ ಕೇಳಿಸಿತು. ಅತ್ತೆಯವರು ಹೊರಗೆ ಬಂದು, “ಒಂದ ಅಂಕಿ ಸಲುವಾಗಿ ಗಂಡಗ ಹಿಂಗ ಒದರೂದೇನವಾ? ನಾಳೆ ಮಂದಿ ಕೇಳಿದ್ರ ನಾ ಏನ ಹೇಳ್ಲಿ, ಲೆಕ್ಕ ತಪ್ಪೇದ ಅಂತ ಸೊಸಿ ಮನಿ ಬಿಟ್ಟಾಳ ಅನ್ಲಿ?” ಎಂದರು. ಮರುದಿನ ಬೆಳಿಗ್ಗೆ ನಾನು ಒಬ್ಬಳೇ ರೈಲು ಹತ್ತಿದೆ. ಅವರು ಮಂದಿಗೆ ಅದನ್ನೇ ಹೇಳಲಿ. ಖರೇ ಅದ.

ಈಗ ನೀವು ಕೈ ಒರೆಸಿಕೊಂಡು, ಇಷ್ಟಕ್ಕೇ ಇಷ್ಟು ಸಿಟ್ಟೇ ಎಂದು ಕೇಳುತ್ತೀರಿ. ಇಷ್ಟಕ್ಕೇ ಅಲ್ಲ.

ಲಗ್ನದ ಹೊಸದರಲ್ಲಿ ನಿಮ್ಮನ್ನು ಒಂದು ಪ್ರಶ್ನೆ ಕೇಳಿದ್ದೆ. ಬೀಳುವ ಕಲ್ಲಿನ ಲೆಕ್ಕದಲ್ಲಿ ‘ಸೆಕೆಂಡಿಗೆ, ಸೆಕೆಂಡಿಗೆ’ ಎಂದು ಎರಡೆರಡು ಸಲ ಇದೆಯಲ್ಲ, ಅಚ್ಚಿನ ತಪ್ಪೇನು ಎಂದು. “ಅದು ಹಂಗ ಅದ, ಬಾಯಿಪಾಠ ಮಾಡು” ಎಂದಿರಿ. ಬಾಯಿಪಾಠ ಮಾಡಿದೆ. ತಿಳಿಯಲಿಲ್ಲ. ದೀಪಾವಳಿಗೆ ತವರಿಗೆ ಬಂದಾಗ ಅಪ್ಪ ಪಡಸಾಲೆಯಲ್ಲಿ ಒಬ್ಬ ಶಿಷ್ಯನಿಗೆ ತಬಲಾ ಹೇಳಿಕೊಡುತ್ತಿದ್ದರು. “ಲಯ ಬ್ಯಾರೆ, ಲಯ ಏರಸೂದು ಬ್ಯಾರೆ. ಒಮ್ಮೆಲೇ ಓಡಬ್ಯಾಡ. ಆವರ್ತನಕ್ಕ ಇಷ್ಟು, ಆವರ್ತನಕ್ಕ ಇಷ್ಟು ಅಂತ ಒಂದ ಸಮ ಏರಸ್ಕೋತ ಹೋಗು” ಎಂದರು. ಕೈಯಲ್ಲಿದ್ದ ಚಹದ ಲೋಟ ಹಾಗೇ ನಿಂತಿತು. ಕಲ್ಲು ಕೈಬಿಟ್ಟು ಒಂದು ಸೆಕೆಂಡಾದಾಗ ಅದರ ಓಟ ಸೆಕೆಂಡಿಗೆ ಮೂವತ್ತೆರಡು ಅಡಿ, ಎರಡಾದಾಗ ಅರವತ್ತನಾಲ್ಕು, ಮೂರಾದಾಗ ತೊಂಬತ್ತಾರು. ಒಂದು ‘ಸೆಕೆಂಡಿಗೆ’ ಓಟದ್ದು, ಇನ್ನೊಂದು ‘ಸೆಕೆಂಡಿಗೆ’ ಆ ಓಟ ಏರುವುದರದ್ದು! ಭೂಮಿ ಕಲ್ಲನ್ನು ಒಮ್ಮೆ ಎಳೆದು ಸುಮ್ಮನಾಗುವುದಿಲ್ಲ, ನೆಲ ಮುಟ್ಟುವವರೆಗೂ ಎಳೆಯುತ್ತಲೇ ಇರುತ್ತದೆ.

ಹುಬ್ಬಳ್ಳಿಗೆ ಬಂದವಳೇ ನಿಮಗೆ ಹೇಳಿದೆ. ನೀವು ಕನ್ನಡಿಯ ಮುಂದೆ ಗಡ್ಡ ಮಾಡಿಕೊಳ್ಳುತ್ತಿದ್ದಿರಿ. ಕತ್ತಿ ಕೆನ್ನೆಯ ಮೇಲೆ ನಿಂತಿತು. “ಅರೇ, ಹೌದಲ್ಲ! ಛಲೋ ಹೇಳಿದಿ” ಎಂದಿರಿ. ಅರ್ಧ ಮುಖಕ್ಕೆ ಸಾಬೂನಿನ ನೊರೆ, ಕಣ್ಣು ಮಾತ್ರ ಸಣ್ಣ ಹುಡುಗನ ಕಣ್ಣು. ಸಿಟ್ಟಿನಲ್ಲಿಯೂ ಇದನ್ನು ಬರೆಯುತ್ತೇನೆ, ಯಾಕೆಂದರೆ ಇದೂ ಆದದ್ದೇ.

ಆ ಹುರುಪಿನಲ್ಲೇ ಮರುದಿನ ಮಾಳಿಗೆ ಹತ್ತಿದೆ. ಭಾರದ್ದೂ ಹಗುರದ್ದೂ ಕೂಡಿಯೇ ನೆಲ ಮುಟ್ಟುತ್ತವೆ ಎಂದು ಪುಸ್ತಕದಲ್ಲಿದೆಯಲ್ಲ, ನೋಡಿಯೇಬಿಡೋಣ ಎಂದು ಒಂದು ಕೈಯಲ್ಲಿ ನಿಂಬೆಹಣ್ಣು, ಒಂದು ಕೈಯಲ್ಲಿ ಅತ್ತೆಯವರ ಹಿತ್ತಾಳೆ ತಂಬಿಗೆ ಹಿಡಿದು ಅಂಗಳಕ್ಕೆ ಬಿಟ್ಟೆ. ಎರಡೂ ಕೂಡಿಯೇ ಬಿದ್ದವು. ಎಂಥ ಖುಷಿಯಾಯಿತೆಂದರೆ ಅಲ್ಲಿಯೇ ಚಪ್ಪಾಳೆ ತಟ್ಟಿದೆ. ತಂಬಿಗೆಯ ಹೊಟ್ಟೆ ಮಾತ್ರ ಒಳಗೆ ಹೋಗಿತ್ತು. ಅತ್ತೆಯವರು ಕೇಳಿದಾಗ ನಾನು ಬಾಯಿ ತೆಗೆಯುವ ಮೊದಲೇ ನೀವು ಹೇಳಿದಿರಿ, “ರೇಣವ್ವನ ಕೈಯಾಗಿಂದ ಬಿತ್ತು.” ಮುಸುರೆ ತಿಕ್ಕುತ್ತಿದ್ದ ರೇಣವ್ವ ಎದ್ದು ನಿಂತಳು. “ನನ್ನ ಕೈಯಾಗ ಬಿದ್ದಿಲ್ರೀ ಎವ್ವಾ, ದೇವ್ರಾಣಿ! ನಾ ತಿಕ್ಕಾಕತ್ತಿದ್ದು ಪರಾತ ಐತ್ರಿ” ಎಂದಳು. ಯಾರು ಕೇಳಬೇಕು? ಅತ್ತೆಯವರು ವಾರಗಟ್ಟಲೆ ಅವಳನ್ನು ಬೈದರು. ರಾತ್ರಿ ನಾನು ಕೇಳಿದ್ದಕ್ಕೆ ನೀವು ಹೇಳಿದ್ದೂ ಅದೇ ಮಾತು. “ನಿನ್ನ ಸಲುವಾಗೇ ಹೇಳೇನಿ.”

ನನ್ನ ಸಲುವಾಗಿ! ನನ್ನ ಸಲುವಾಗಿ ರೇಣವ್ವ ಸುಳ್ಳಿಯಾದಳು, ನನ್ನ ಸಲುವಾಗಿ ನನ್ನ ಹಾಳೆ ಒಲೆಗೆ ಬಿತ್ತು. ಇನ್ನೂ ಏನೇನು ಸುಡುತ್ತೀರಿ ನನ್ನ ಸಲುವಾಗಿ?

ಆದರೆ ಇಲ್ಲಿ ನನ್ನದೂ ಒಂದು ಇದೆ. ಮುಚ್ಚಿಟ್ಟರೆ ಈ ಕಾಗದಕ್ಕೆ ಬೆಲೆಯಿಲ್ಲ. ಆ ದಿನ ನಾನೂ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ರೇಣವ್ವ ನನ್ನ ಮುಖ ನೋಡಿದಳು, ನಾನು ತುಳಸಿಕಟ್ಟೆ ನೋಡಿದೆ. ನೀವು ನೋಟೀಸು ಓದಿದ ಹಾಗೆಯೇ. ಅತ್ತೆಯವರಿಗೆ ಬೇರೆ ಕಾಗದ ಬರೆದಿದ್ದೇನೆ, ಇದರ ಜೊತೆಗೇ ಬರುತ್ತದೆ. ತಂಬಿಗೆ ಕೆಡವಿದವಳು ನಾನೇ ಎಂದು ಅದರಲ್ಲಿದೆ. ರೇಣವ್ವನ ಎದುರಿಗೇ ಅದನ್ನು ಓದಿಸಬೇಕು ಎಂದೂ ಇದೆ. ನೀವು ಮಧ್ಯೆ ಕೈ ಹಾಕಬೇಡಿ.

ಇನ್ನು ೧೦೮೪ರ ಕಥೆ. ಹೌದಪ್ಪ ಹೌದು, ಅದು ತಪ್ಪು. ನಿಮ್ಮ ಪ್ರೊಫೆಸರರಿಗಿಂತ ಮೊದಲು ನಾನೇ ಹೇಳುತ್ತೇನೆ, ಶುದ್ಧ ತಪ್ಪು. ಆದರೆ ಅದು ಎಂಥ ತಪ್ಪು ಎಂದು ನಿನ್ನೆಯವರೆಗೆ ನನಗೂ ಗೊತ್ತಿರಲಿಲ್ಲ.

ಇಲ್ಲಿಗೆ ಬಂದ ದಿನ ಅಳುತ್ತ ಎಲ್ಲ ಹೇಳಿದೆ. ಅಪ್ಪ ಸಿಟ್ಟಾಗುತ್ತಾರೆ, ತಿರುಗಿ ಗಂಡನ ಮನೆಗೆ ಹೋಗು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ತಬಲಾದ ಸುತ್ತಿಗೆ ಕೆಳಗಿಟ್ಟು, “ಗುಂಡು ಎಲ್ಲಿ ಸಿಗತದ?” ಎಂದರು. ಬಗಲಿನ ಮನೆಯ ಗೌಂಡಿ ಗುಲಾಬಸಾಬನ ಹತ್ತಿರ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ದುಂಡನೆಯ ಗುಂಡು ಇತ್ತು. ತೊಟ್ಟಿಲು ತೂಗುಹಾಕುವ ಕೊಂಡಿಗೆ ದಾರ ಕಟ್ಟಿ ಅದನ್ನು ಇಳಿಬಿಟ್ಟೆವು. ಅಪ್ಪನ ಕಿಸೆಗಡಿಯಾರ. ಬುಧವಾರ ತಮ್ಮ ಆಫೀಸಿಗೆ ರಜೆ ಹಾಕಿ ಅಪ್ಪ ಎಣಿಸಲು ಕೂತರು. ನಾನು ಎಣಿಸಿದರೂ ೧೦೮೪ರ ಹತ್ತಿರ. ಅಪ್ಪ ಎಣಿಸಿದರೂ ೧೦೮೪ರ ಹತ್ತಿರ! “ನೋಡ್ದೇನು? ನಮ್ಮ ಮನ್ಯಾಗ ಲಯ ತಪ್ಪೂದಿಲ್ಲ. ಪುಸ್ತಕಾನ ತಪ್ಪದ” ಎಂದು ಅಪ್ಪ ತೊಡೆ ತಟ್ಟಿದರು. ನನಗೂ ಹಾಗೇ ಅನಿಸಿತು. ಇಡೀ ಭೂಮಿಯ ವಿರುದ್ಧ ಅಪ್ಪ-ಮಗಳು ಗೆದ್ದೆವು ಎಂದುಕೊಂಡೆ, ಎಂಥ ಹುಚ್ಚಿ ನೋಡಿ.

ಅವ್ವ ಅಲ್ಲಿಯೇ ಕಂಬಕ್ಕೆ ಒರಗಿ ದೇವರಿಗೆ ಗೆಜ್ಜೆವಸ್ತ್ರ ಮಾಡುತ್ತಿದ್ದಳು. ಅರಳೆಯ ಎಳೆಯನ್ನು ಒದ್ದೆ ಬೆರಳಿನಿಂದ ಅಷ್ಟಷ್ಟು ದೂರಕ್ಕೆ ಹಿಂಡುವುದು, ಹಿಂಡಿದ ಎರಡರ ನಡುವೆ ಉಬ್ಬಿದ್ದು ಒಂದು ಗೆಜ್ಜೆ. ಅವಳಿಗೆ ನಮ್ಮ ಗದ್ದಲ ಸಾಕಾಯಿತು. “ಏನ ಹಚ್ಚೀರಿ ಮುಂಜಾನಿಂದ? ಗುಂಡು ಇನ್ನೂ ಕೈಯಾಗ ಅದ, ಆಗ್ಲೇ ‘ಒಂದ’ ಅಂತೀರಿ. ಅದು ಹೋಗಿ ಬಂದ ಮ್ಯಾಲಲ್ಲೇನ ಒಂದು? ಇಪ್ಪತ್ತು ಸಲ ಹಿಂಡಿದ್ರ ನಡುವ ಗೆಜ್ಜಿ ಹತ್ತೊಂಬತ್ತ. ನೀವು ಗೆಜ್ಜಿ ಎಣಸ್ಲಿಕ್ಕತ್ತೀರೋ, ಹಿಂಡಿದ್ದು ಎಣಸ್ಲಿಕ್ಕತ್ತೀರೋ?” ಎಂದಳು.

ನಾನು ಹಣೆ ಹಣೆ ಬಡಿದುಕೊಂಡೆ. ನಿಮಗೆ ಈಗ ತಿಳಿದಿರಬೇಕು. ಹುಟ್ಟಿದಾಗಿನಿಂದ ತಬಲಾದ ಬಗಲಲ್ಲಿ ಬೆಳೆದವಳು ನಾನು. ತಾಳದಲ್ಲಿ ಮೊದಲ ಪೆಟ್ಟು, ಅಂದರೆ ಸಮ, ಬಿದ್ದ ಕ್ಷಣವೇ ಒಂದು. ನಮ್ಮ ನಾಲಿಗೆಗೆ ಬೇರೆ ಗೊತ್ತೇ ಇಲ್ಲ. ಗುಂಡು ಬಿಡುತ್ತಲೇ ‘ಒಂದು’ ಎನ್ನುತ್ತಿದ್ದೆ, ಗಡಿಯಾರವನ್ನೂ ಆಗಲೇ ಒತ್ತುತ್ತಿದ್ದೆ. ‘ಇಪ್ಪತ್ತು’ ಎನ್ನುವಾಗ ಗುಂಡು ಹೋಗಿಬಂದದ್ದು ಹತ್ತೊಂಬತ್ತೇ ಸಲ. ಒಂದು ಓಲಾಟದ ಕಾಲ ಅಷ್ಟು ಕಡಿಮೆಯಾಯಿತು. ಲೆಕ್ಕದಲ್ಲಿ ಆ ಕಾಲದ ವರ್ಗ ಬರುತ್ತದಲ್ಲ, ಆದ್ದರಿಂದ ಇಪ್ಪತ್ತರಲ್ಲಿ ಒಂದರ ತಪ್ಪು ಉತ್ತರಕ್ಕೆ ಬರುವಷ್ಟರಲ್ಲಿ ನೂರನ್ನು ದಾಟಿ ಕೂತಿತ್ತು. ಸೊನ್ನೆಯಿಂದ ಎಣಿಸಬೇಕು ಎಂದು ಅಪ್ಪನಿಗೆ ಹೇಳಿದೆ. “ಸಮದ ಮ್ಯಾಲೆ ಸೊನ್ನಿ ಅನ್ನೂದೇನು? ಹಾಡಾವ್ರು ಎದ್ದು ಹೋಗ್ತಾರ!” ಎಂದು ಅವರು ಮುಖ ಕೆಂಪು ಮಾಡಿಕೊಂಡರು.  ಊಟವಾದ ಮೇಲೆ ತಾವೇ ಬಂದು, “ಸೊನ್ನಿ” ಎಂದು ಸಣ್ಣ ದನಿಯಲ್ಲಿ ಅಂದು ಗುಂಡು ಬಿಟ್ಟರು.

ತಪ್ಪು ಸಿಕ್ಕಿತು, ಸಿಟ್ಟು ಇಳಿಯಬೇಕಿತ್ತಲ್ಲ? ಏರಿತು. ನಿಮ್ಮ ಮೇಲೆಯೇ ಏರಿತು.

ಯಾಕೆಂದರೆ ಅದನ್ನು ಕಂಡುಹಿಡಿಯಲು ಏನೂ ಬೇಕಿರಲಿಲ್ಲ. ಬಿ.ಎಸ್ಸಿ. ಬೇಡ, ಗ್ರಂಥ ಬೇಡ. ಇಂಗ್ಲಿಷ್ ಅಕ್ಷರ ಬಾರದ ನಮ್ಮ ಅವ್ವ ಕಿವಿಯಿಂದಲೇ ಕಂಡುಹಿಡಿದಳು. “ಸುಲಭಾ, ಹ್ಯಾಂಗ ಎಣಸ್ತಿ, ಒಮ್ಮೆ ಎಣಸಿ ತೋರ್ಸು” ಎಂದು ನೀವು ಒಂದೇ ಒಂದು ಸಲ ಅಂದಿದ್ದರೆ ಸಾಕಿತ್ತು. ಒಂದು ನಿಮಿಷದ ಕೆಲಸ. ಮೂರು ಸಲವೂ ಅದೇ ತಪ್ಪು ಉತ್ತರ ಬಂತೆಂದರೆ ಅವಳು ಮಾಡುವ ರೀತಿಯಲ್ಲಿ ಏನೋ ಇದೆ ಎಂದು ಯಾವ ಡೆಮಾನ್‌ಸ್ಟ್ರೇಟರಿಗಾದರೂ ಹೊಳೆಯಬೇಕು. ನಿಮ್ಮ ಕೆಲಸವೇ ಅದು! ನೀವು ನನ್ನ ಎಣಿಕೆ ಕೇಳಲಿಲ್ಲ. ನಾನು ತಪ್ಪಿದ್ದು ಎಲ್ಲಿ ಎಂದು ನೋಡಲಿಲ್ಲ. ಹೇಗೂ ತಪ್ಪೇ ಮಾಡಿರುತ್ತಾಳೆ ಎಂದುಕೊಂಡು ಉತ್ತರ ತಿದ್ದಿ ನನ್ನ ಕೈಗಿಟ್ಟಿರಿ. ಪರೀಕ್ಷೆಯ ದಿನ ಗುಂಡು ನನ್ನ ಕೈಯಲ್ಲಿ ಕೊಟ್ಟು ಎಣಿಸು ಎಂದಿದ್ದರೆ ನಾನು ಮತ್ತೆ ಒಂದರಿಂದಲೇ ಎಣಿಸುತ್ತಿದ್ದೆ. ಆಗ ಯಾರ ಅಕ್ಷರ ನಕಲು ಮಾಡುತ್ತಿದ್ದಿರಿ?

ನಿನ್ನೆ ಸಂಜೆಯವರೆಗೆ ಸೊನ್ನೆಯಿಂದ ಎಣಿಸಿ ಮೂರು ಸಲ ಮಾಡಿದೆವು, ಇಪ್ಪತ್ತಲ್ಲ, ಮುನ್ನೂರು ಮುನ್ನೂರು ಓಲಾಟ. ಮೊದಲ ಸಲ ೯೭೮. ಎರಡನೆಯ ಸಲ ೯೭೬. ಮೂರನೆಯ ಸಲ ೯೭೯. ಮೂರನ್ನೂ ಬರೆದಿಟ್ಟಿದ್ದೇನೆ. ಈಗಲೂ ೯೮೧ ಬರಲಿಲ್ಲವಲ್ಲ, ಇನ್ನೂ ಏನು ತಪ್ಪುತ್ತಿದ್ದೇನೆ ಎಂದು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅದಕ್ಕೇ ಇವತ್ತು ಲೈಬ್ರರಿಗೆ ಬಂದದ್ದು. ದೊಡ್ಡ ಕೋಷ್ಟಕಗಳ ಪುಸ್ತಕ ತೆಗೆಸಿದೆ. ಅದರಲ್ಲಿ ಊರೂರಿಗೆ ಬೇರೆ ಬೇರೆ ಅಂಕಿ ಇದೆ! ೯೮೧ ಲಂಡನ್ನಿನದು.

ಮುಂಬಯಿಯದು ೯೭೮ ಮತ್ತು ಚೂರು. ಭೂಮಿ ನಡುವಿನಲ್ಲಿ ಉಬ್ಬಿದೆ, ನಾವು ಆ ಉಬ್ಬಿನ ಕಡೆಗಿದ್ದೇವೆ, ಇಲ್ಲಿ ಸೆಳೆತ ತುಸು ಕಡಿಮೆ. ಧಾರವಾಡದ ಹೆಸರು ಆ ಪಟ್ಟಿಯಲ್ಲಿಲ್ಲ. ಯಾರೂ ಅಳೆದು ಕಳಿಸಿಲ್ಲವೋ ಏನೋ. ಹೇಗೆ ಕಳಿಸುತ್ತಾರೆ? ಇಲ್ಲಿ ಅಳೆದವರೆಲ್ಲ ಲಂಡನ್ನಿನದನ್ನೇ ಬರೆದಿದ್ದಾರೆ! ತೊಟ್ಟಿಲ ಕೊಂಡಿಗೆ ಗೌಂಡಿಯ ಗುಂಡು ಕಟ್ಟಿ ಅಪ್ಪನ ಗಡಿಯಾರದಲ್ಲಿ ನೋಡಿದ ನನ್ನ ಅಂಕಿ ಪೂರಾ ಸರಿ ಎಂದು ನಾನು ಹೇಳುವುದಿಲ್ಲ. ನನ್ನ ಊರಿನದು ಎಂದು ಮಾತ್ರ ಹೇಳುತ್ತೇನೆ.

ಈಗ ಮುಂದಿನ ಮಾತು, ಸರಿಯಾಗಿ ಕೇಳಿ. ಹದಿನೇಳನೆಯ ಪುಟವನ್ನು ನಾನು ಹರಿದು ತೆಗೆದಿದ್ದೇನೆ. ಒಲೆಗೆ ಹಾಕಿಲ್ಲ, ಇಟ್ಟುಕೊಂಡಿದ್ದೇನೆ. ಹೊಸ ಹಾಳೆಯಲ್ಲಿ ಮೊದಲು ೧೦೮೪ ಬರೆಯುತ್ತೇನೆ. ರೀಡಿಂಗುಗಳೆಲ್ಲ ನನ್ನ ಕಚ್ಚಾ ವಹಿಯಲ್ಲಿವೆ. ಅದರ ಮೇಲೆ ಒಂದೇ ಗೆರೆ ಎಳೆದು ತಪ್ಪು ಎಲ್ಲಾಯಿತು ಎಂದು ಬರೆಯುತ್ತೇನೆ. ಕೆಳಗೆ ೯೭೮, ೯೭೬, ೯೭೯. ಶನಿವಾರ ಹನ್ನೊಂದಕ್ಕೆ ಅದನ್ನೇ ಪ್ರೊಫೆಸರರ ಮೇಜಿನ ಮೇಲಿಡುವವಳು ನಾನು. ಸಹಿಯಾದ ಹಾಳೆ ಎಲ್ಲಿ ಹೋಯಿತು ಎಂದು ಅವರು ಕೇಳಿಯೇ ಕೇಳುತ್ತಾರೆ. ನಾನು ಸುಳ್ಳು ಹೇಳುವುದಿಲ್ಲ.

ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ, ಜೂನಿನಲ್ಲಿ ಆಗಬೇಕು, ಗೊತ್ತಿದೆ. ಹೆಂಡತಿಯ ಜರ್ನಲನ್ನು ತಾನೇ ಬರೆದು ತಾನೇ ಸಹಿ ಹಾಕಿದವನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ನನಗೆ ತಿಳಿಯದು. ನನಗೆ ಸರ್ಟಿಫಿಕೇಟು ಕೊಡುತ್ತಾರೋ ಇಲ್ಲವೋ ಅದೂ ತಿಳಿಯದು. ಈ ಸಾಲುಗಳನ್ನು ನಿಂತು ನಿಂತು ಬರೆದಿದ್ದೇನೆ, ಅಕ್ಷರ ನೋಡಿದರೆ ತಿಳಿಯುತ್ತದೆ. ನನ್ನ ಅಕ್ಷರ ನಿಮಗೆ ಚೆನ್ನಾಗಿ ಗೊತ್ತಲ್ಲ. ಹತ್ತೂವರೆಗೆ ಲ್ಯಾಬೊರೇಟರಿಯ ಮೆಟ್ಟಿಲ ಹತ್ತಿರ ನಿಂತಿರುತ್ತೇನೆ. ನೀವು ಬಂದು, ನನ್ನ ಮುಖ ನೋಡಿ, ನನ್ನ ಜೊತೆ ಒಳಗೆ ಬಂದು ನೀವೇ ಹೇಳಬೇಕು. ನಾನು ಹೇಳುವುದಕ್ಕಿಂತ ನೀವು ಹೇಳಿದರೆ ಛಲೋ. ಬರದಿದ್ದರೆ ನಾನೊಬ್ಬಳೇ ಒಳಗೆ ಹೋಗುತ್ತೇನೆ, ಆಮೇಲೆ ಹುಬ್ಬಳ್ಳಿಯ ರೈಲು ನಾನು ಹತ್ತುವುದಿಲ್ಲ. ಅಪ್ಪನಿಗೂ ಹಾಗೆಯೇ ಹೇಳಿಬಿಟ್ಟಿದ್ದೇನೆ.

ಕಪ್ಪು ಕೋಟಿನ ಗುಂಡಿ ಸೋಮವಾರವೇ ಹಚ್ಚಿಟ್ಟಿದ್ದೆ, ಟ್ರಂಕಿನ ಮೇಲಿದೆ. ಸಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಪ್ರೊಫೆಸರರ ಮುಂದೆ ಗುಂಡಿ ಇಲ್ಲದ ಕೋಟಿನಲ್ಲಿ ನಿಲ್ಲಬೇಡಿ.

ತನ್ನ ಏಳಕ್ಕೆ ಗೆರೆ ಹಾಕದ,
ಸುಲಭಾ

ತಾ.ಕ. ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಹೊಸ ಹಾಳೆಗೆ ಗೆರೆ ಹೊಡೆಯುವ ರೀತಿ ನೋಡಿಕೊಳ್ಳಬೇಕೆಂದು ನಿಮ್ಮ ಹಳೆಯ ಜರ್ನಲ್ ಬಿಚ್ಚಿದೆ. ನಾನು ಕಾಲೇಜು ಸೇರಿದ ದಿನ ‘ಇದನ್ನ ನೋಡಿ ಬರಿ’ ಎಂದು ನೀವೇ ಕೊಟ್ಟದ್ದು, ೧೯೨೮ನೇ ಇಸವಿಯದು. ಇದೇ ಕಾಲೇಜು, ಇದೇ ದಾರ-ಗುಂಡಿನ ಪ್ರಯೋಗ. ಉತ್ತರ ಬರೆದ ಜಾಗದಲ್ಲಿ ಕಾಗದ ತೆಳುವಾಗಿ ಕಂಡಿತು. ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದೆ. ಶಾಯಿಯ ೯೮೧ರ ಕೆಳಗೆ ಪೆನ್ಸಿಲಿನ ಗುರುತಿದೆ. ರಬ್ಬರಿನಿಂದ ಚೆನ್ನಾಗಿಯೇ ಉಜ್ಜಿದ್ದೀರಿ, ಆದರೆ ನೀವು ಒತ್ತಿ ಬರೆಯುವವರು, ಪೂರ್ತಿ ಹೋಗಿಲ್ಲ. ೯೭೮. ಏಳಕ್ಕೆ ನಡುವೆ ಗೆರೆ. ಬದಿಗೆ ಯಾರದೋ ಕೆಂಪು ಶಾಯಿಯ ‘ಗುಡ್’.

ಹತ್ತು ವರ್ಷದ ಹಿಂದೆಯೇ ನಿಮಗೆ ಸರಿಯಾಗಿ ಬಂದಿತ್ತು. ಯಾರು ಹೇಳಿದರು ಉಜ್ಜು ಎಂದು? ಆ ದಿನ ನಿಮ್ಮನ್ನು ನೋಡಿ ಯಾರಾದರೂ ನಕ್ಕಿದ್ದರೇ? ಶನಿವಾರ ಮೆಟ್ಟಿಲ ಹತ್ತಿರ ಮೊದಲು ಅದನ್ನು ನನಗೆ ಹೇಳಿ. ಈ ಹಾಳೆಯನ್ನೂ ತರುತ್ತೇನೆ, ಪ್ರೊಫೆಸರರಿಗೆ ತೋರಿಸಲು ಅಲ್ಲ. ಶಾಯಿ, ಪೆನ್ನು ತರುತ್ತೇನೆ. ಆ ೯೭೮ನ್ನು ನಿಮ್ಮ ಕೈಯಿಂದಲೇ ಮತ್ತೆ ಬರೆಯಬೇಕು.